ಶೇಕಡಾ ಅರವತ್ತರ ಅಳಿಯ

ಮೂವತ್ತೆರಡು ವರ್ಷ ಆಶ್ ಮರದ ಮೈಯಿಂದ ನೀರು ಹಿಂಡುವುದೇ ಕಸುಬಾಗಿದ್ದ ಮೇಸ್ತ್ರಿಗೆ ನಿವೃತ್ತಿಯ ದಿನ ಕಾರ್ಖಾನೆಯವರು ಕೊಟ್ಟದ್ದು ಕುಂಡದಲ್ಲಿ ನೆಟ್ಟ ಒಂದು ಆಶ್ ಗಿಡ.

ಕೊಟ್ಟವರಿಗೆ ಅದರಲ್ಲಿ ತಮಾಷೆಯೇನೂ ಕಾಣಲಿಲ್ಲ. ಹೊಸದಾಗಿ ಬಂದಿದ್ದ ಮ್ಯಾನೇಜರು ಗೋಡೆ ಗಡಿಯಾರ ಕೊಡುವ ಹಳೆಯ ಕ್ರಮವನ್ನು ಕೈಬಿಟ್ಟು, ಇನ್ನು ಮುಂದೆ ಎಲ್ಲರಿಗೂ ಹಸಿರು ಉಡುಗೊರೆ ಎಂದು ತೀರ್ಮಾನಿಸಿದ್ದರು. ಆ ಕಾರ್ಖಾನೆಯಲ್ಲಿ ಕೊಡಲಿ, ಸುತ್ತಿಗೆ, ಸಲಿಕೆಗಳಿಗೆ ಹಿಡಿಯಾಗುವ ಮರದ ಕಾವು ತಯಾರಾಗುತ್ತಿತ್ತು. ಆಶ್ ಮರದ ಹಸಿ ಹಲಗೆಗಳನ್ನು ಬಿಸಿ ಕೋಣೆಯಲ್ಲಿ ಪೇರಿಸಿ, ಬಾಗದಂತೆ ಬಿರಿಯದಂತೆ ಹದವಾಗಿ ಒಣಗಿಸುವುದು ಮೇಸ್ತ್ರಿಯ ಕೆಲಸ. ಆ ಕೋಣೆಗೆ ಎಲ್ಲರೂ ಭಟ್ಟಿ ಎನ್ನುತ್ತಿದ್ದರು. ಹೀಗಾಗಿ ಭಟ್ಟಿ ಮೇಸ್ತ್ರಿ ಎಂಬ ಹೆಸರು ಕೇಳಿದ ಹೊಸಬರು, ಆಸಾಮಿ ಸಾರಾಯಿ ಕಾಯಿಸುತ್ತಾನೆಂದು ತಿಳಿದು ಸ್ನೇಹ ಬೆಳೆಸಲು ಬರುತ್ತಿದ್ದುದೂ ಉಂಟು. ಕಾವಿಗೆ ಕಾವು ಕೊಡುವವನು ತಾನು ಎಂದು ಮೇಸ್ತ್ರಿ ಅವರಿಗೆ ಬಿಡಿಸಿ ಹೇಳಬೇಕಾಗುತ್ತಿತ್ತು. ಹೇಳಿದ ಮೇಲೆ ಅವರ ಸ್ನೇಹ ಮುಂದುವರಿಯುತ್ತಿರಲಿಲ್ಲ.

ಅದೇ ದಿನ ಇನ್ನೊಬ್ಬರೂ ನಿವೃತ್ತರಾದರು. ಅವರು ತಪಾಸಣೆ ವಿಭಾಗದವರು. ಮರದ ತೇವ ಶೇಕಡಾ ಹನ್ನೆರಡನ್ನು ಮೀರಿದರೆ ಸಾಕು, ಕೆಂಪು ಸೀಮೆಸುಣ್ಣದಿಂದ ಅಡ್ಡಗೆರೆ ಎಳೆಯುತ್ತಿದ್ದ ಅವರಿಗೆ ಕಾರ್ಖಾನೆಯಲ್ಲಿ ರಿಜೆಕ್ಟ್ ಸಾರ್ ಎಂದೇ ಹೆಸರು. ಹನ್ನೊಂದು ವರ್ಷದ ಹಿಂದೆ ಮೇಸ್ತ್ರಿಯ ನಾನೂರು ಕೊಡಲಿ ಕಾವುಗಳು ಹದಿಮೂರು ತೋರಿಸುತ್ತಿವೆ ಎಂದು ಅವರು, ಹನ್ನೆರಡೇ ಇದೆ ಎಂದು ಇವನು. ಯಾರ ಮೀಟರು ಸರಿ ಎಂಬುದು ಇತ್ಯರ್ಥವಾಗಲಿಲ್ಲ. ಅವತ್ತಿನಿಂದ ಇಬ್ಬರೂ ಚೀಟಿ ಬರೆದು ಕಳಿಸುವುದನ್ನು ಬಿಟ್ಟರೆ ಮಾತಾಡಿರಲಿಲ್ಲ. ಬೀಳ್ಕೊಡುಗೆಯ ದಿನ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು, ಒಬ್ಬರು ಬಾಗಿಲನ್ನೂ ಇನ್ನೊಬ್ಬರು ಫ್ಯಾನನ್ನೂ ನೋಡಿದರು. ರಿಜೆಕ್ಟ್ ಸಾರ್‌ಗೆ ಒಂದು ಜರೀಗಿಡ, ಅಂದರೆ ಫರ್ನ್, ಸಿಕ್ಕಿತು. ಎರಡೂ ಕುಂಡಗಳಿಗೆ ಒಂದೊಂದು ಚೀಟಿ ಕಟ್ಟಿತ್ತು.

ಮೇಸ್ತ್ರಿಯ ಚೀಟಿಯಲ್ಲಿ ಹೀಗಿತ್ತು: ಮನೆಯೊಳಗೆ ಇಡಿ. ನೇರ ಬಿಸಿಲು ಬೇಡ. ಗಾಳಿಯ ತೇವಾಂಶ ಶೇಕಡಾ ಅರವತ್ತಕ್ಕಿಂತ ಇಳಿಯದಂತೆ ನೋಡಿಕೊಳ್ಳಿ. ದಿನಕ್ಕೆರಡು ಬಾರಿ ಎಲೆಗಳ ಮೇಲೆ ನೀರಿನ ತುಂತುರು ಚಿಮುಕಿಸಿ.

ಬೇರೆಯವರಾಗಿದ್ದರೆ ಚೀಟಿಯನ್ನು ಓದಿ ಬಿಸಾಡುತ್ತಿದ್ದರು. ಆದರೆ ಮೇಸ್ತ್ರಿ ಅಂಕಿಗೆ ಬದ್ಧನಾದ ಮನುಷ್ಯ. ಇನ್ನೊಂದು ಸಂಗತಿಯೆಂದರೆ, ಆಶ್ ಮರವನ್ನು ಅವನು ಎಲೆ ಸಮೇತ ನೋಡಿಯೇ ಇರಲಿಲ್ಲ. ಲಾರಿಯಲ್ಲಿ ಬರುತ್ತಿದ್ದದ್ದು ಕೊಯ್ದ ಹಲಗೆಗಳು. ಹಲಗೆಯ ಅಂಚಿಗೆ ಮೂಗು ಹಿಡಿದು ಎಷ್ಟು ಹಸಿ ಇದೆ ಎಂದು ಹೇಳಬಲ್ಲವನಿಗೆ ಎಲೆಯ ಮುಂದೆ ಏನೂ ಗೊತ್ತಾಗಲಿಲ್ಲ.

ಮೂರನೇ ಮಹಡಿಯ ಆ ಮನೆಯಲ್ಲಿ ಮೂವರಿದ್ದರು. ಮೇಸ್ತ್ರಿ, ಹೆಂಡತಿ, ಮತ್ತು ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆ ಇರಲು ಬಂದ ಅವನ ಅಕ್ಕ. ಮಗಳು ಮದುವೆಯಾಗಿ ಎರಡು ಬಸ್ ಸ್ಟಾಪ್ ಆಚೆ ಇದ್ದಳು. ಮೇಸ್ತ್ರಿ ಹಾಲ್‌ನ ಒಂದು ಮೂಲೆಯಿಂದ ಅಕ್ಕನ ಆರಾಮ ಕುರ್ಚಿಯನ್ನು ಸರಿಸಿ ಗಿಡಕ್ಕೆ ಜಾಗ ಮಾಡಿದ. ಎರಡು ಥರ್ಮಾಮೀಟರುಗಳನ್ನು ಒಂದು ಪಟ್ಟಿಗೆ ಮೊಳೆ ಹೊಡೆದು, ಒಂದರ ಬುಡಕ್ಕೆ ಒದ್ದೆ ಬತ್ತಿ ಸುತ್ತಿ ಗೋಡೆಗೆ ತೂಗುಹಾಕಿದ. ಒಣ ಬುಡ ಎಷ್ಟು, ಒದ್ದೆ ಬುಡ ಎಷ್ಟು, ನಡುವಿನ ವ್ಯತ್ಯಾಸ ಎಷ್ಟು ಎಂದು ನೋಡಿದರೆ ಗಾಳಿಯಲ್ಲಿ ತೇವ ಎಷ್ಟಿದೆಯೆಂದು ಗೊತ್ತಾಗುತ್ತದೆ. ಭಟ್ಟಿಯಲ್ಲಿ ದಿನಕ್ಕೆ ಎಂಟು ಸಲ ಮಾಡುತ್ತಿದ್ದ ಕೆಲಸ. ಒಣದು ಇಪ್ಪತ್ತೊಂದು, ಒದ್ದೆಯದು ಹದಿಮೂರು. ಲೆಕ್ಕ ಹಾಕಿದರೆ ಮೂವತ್ತೆಂಟು ಬಂತು.

"ಮೂವತ್ತೆಂಟು," ಎಂದ ಮೇಸ್ತ್ರಿ, ಜ್ವರ ನೋಡಿದ ಡಾಕ್ಟರ ಹಾಗೆ. "ಇದು ಮನೆ ಅಲ್ಲ, ಭಟ್ಟಿ. ಇಷ್ಟು ದಿನ ನಾವು ಹೇಗೆ ಬದುಕಿದ್ವಿ ಅಂತ."

"ಚೆನ್ನಾಗೇ ಬದುಕಿದ್ವಲ್ಲ," ಎಂದಳು ಹೆಂಡತಿ.

ಮೊದಲು ಕುಂಡದ ಕೆಳಗೆ ಬೆಣಚುಕಲ್ಲು ಹಾಕಿದ ನೀರಿನ ತಟ್ಟೆ ಬಂತು. ಒಂದೇ ಒಂದು ಅಂಕಿ ಏರಿತು. ಆಮೇಲೆ ಹೀಟರಿನ ಮೇಲೆ ಒದ್ದೆ ಟವೆಲು. ಎರಡು ಅಂಕಿ. ಅಡುಗೆಮನೆಯಿಂದ ಕೆಟಲು ತಂದು ಗಿಡದ ಪಕ್ಕ ಕುದಿಸಿದಾಗ ಹಾಲ್‌ನ ಕಿಟಕಿ ಬೆವರಿತು, ಗಿಡ ಬೆವರಲಿಲ್ಲ. ಕೊನೆಗೆ ಮೇಸ್ತ್ರಿ ಹಬೆ ಉಗುಳುವ ಒಂದು ಯಂತ್ರವನ್ನೇ ಕೊಂಡುತಂದ. ಅದು ಬೆಕ್ಕು ನಿದ್ದೆಯಲ್ಲಿ ಗುರುಗುಟ್ಟುವ ಹಾಗೆ ಸದ್ದು ಮಾಡುತ್ತ, ಬಿಳಿ ಮಂಜನ್ನು ಗಿಡದ ಕಡೆಗೆ ಊದುತ್ತ ಬೆಳಗಿನಿಂದ ಸಂಜೆಯವರೆಗೆ ನಡೆಯುತ್ತಿತ್ತು. ಅಂಕಿ ಐವತ್ತು ದಾಟಿತು. ಮೇಸ್ತ್ರಿ ಹಳೆಯ ಅಭ್ಯಾಸದಂತೆ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಹೊತ್ತು ಹೊತ್ತಿಗೆ ಬರೆದಿಡತೊಡಗಿದ.

ಗಿಡಕ್ಕೆ ಅಳಿಯ ಎಂದು ಹೆಸರಿಟ್ಟದ್ದು ಅಕ್ಕ.

"ನಿಜವಾದ ಅಳಿಯ ಬಂದಾಗ ಮೂಲೆಯ ಸ್ಟೂಲು ತೋರಿಸ್ತೀಯ," ಎಂದಳು. "ಈ ಅಳಿಯನಿಗೆ ನನ್ನ ಕುರ್ಚಿ ಜಾಗ, ಬಿಸಿ ಹಬೆ, ದಿನಕ್ಕೆರಡು ಸಲ ಸ್ನಾನ. ಕಾಲೊತ್ತೋದು ಒಂದು ಬಾಕಿ ಉಳೀತು ನೋಡು."

"ಅದಕ್ಕೆ ಕಾಲಿಲ್ಲ ಅಕ್ಕ."

"ಇದ್ದಿದ್ರೆ ಒತ್ತುತಿದ್ದೆ."

ಮನೆಯಲ್ಲಿ ಅಳಿಯನ ಪ್ರಭಾವ ಕಾಣಿಸತೊಡಗಿತು. ಉಪ್ಪು ಡಬ್ಬಿಯಲ್ಲೇ ಗಟ್ಟಿಯಾಯಿತು. ಬಿಸ್ಕತ್ತು ಮುರಿದರೆ ಸದ್ದಾಗದೆ ಬಾಗುತ್ತಿತ್ತು. ಬಚ್ಚಲ ಬಾಗಿಲು ಊದಿಕೊಂಡು ಚೌಕಟ್ಟಿನಲ್ಲಿ ಸಿಕ್ಕಿಕೊಂಡದ್ದರಿಂದ, ಒಳಗೆ ಹೋದವರು ಹೊರಗೆ ಬರಲು ಭುಜ ಕೊಡಬೇಕಾಯಿತು. ಮೇಸ್ತ್ರಿಗೆ ಇದರಿಂದ ಬೇಸರವಾಗಲಿಲ್ಲ, ಬದಲಿಗೆ ಖುಷಿಯೇ ಆಯಿತು. ಹಲಗೆ ಉದ್ದಕ್ಕೆ ಊದುವುದಿಲ್ಲ, ಅಗಲಕ್ಕೆ ಊದುತ್ತದೆ ಎಂದು ಬಾಗಿಲನ್ನು ತಟ್ಟಿ ತಟ್ಟಿ ಹೆಂಡತಿಗೆ ವಿವರಿಸಿದ. ಅವಳು ಆಗ ಒಳಗಿದ್ದಳು.

ಆದರೆ ಅಂಕಿ ಐವತ್ತೆರಡರ ಮೇಲೆ ಹೋಗಲೊಲ್ಲದು. ಬೆಳಗ್ಗೆ ಏರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ಕಿಟಕಿಯ ಸಂದಿಗೆ ಬಟ್ಟೆ ತುರುಕಿದ, ಬಾಗಿಲ ಬುಡಕ್ಕೆ ಚಾಪೆ ಸುತ್ತಿಟ್ಟ, ಯಂತ್ರವನ್ನು ಜೋರು ಮಾಡಿದ. ಎಲೆಗಳ ಅಂಚು ಕಂದುಬಣ್ಣಕ್ಕೆ ತಿರುಗಿದ್ದವು. ಗಿಡ ಅಷ್ಟೂ ನೀರನ್ನು ಕುಡಿಯುತ್ತಿದೆ ಎಂದು ಮೇಸ್ತ್ರಿ ಅಂದುಕೊಂಡ. ತನ್ನ ಸೇವೆಯೇ ಸಾಲದು ಎಂದು ಕೊರಗಿದ.

ನಡೆದದ್ದು ಬೇರೆ. ಥಂಡಿಗೆ ಮಂಡಿ ಹಿಡಿಯುತ್ತದೆ ಎಂದು ನಂಬಿದ್ದ ಅಕ್ಕ, ಅಂಗಡಿಯಿಂದ ತೇವ ಹೀರುವ ಬಿಳಿ ಹರಳಿನ ಡಬ್ಬಿಗಳನ್ನು ತಂದು ಸೋಫಾದ ಕೆಳಗೆ, ಪರದೆಯ ಹಿಂದೆ, ಪುಸ್ತಕದ ಕಪಾಟಿನ ಮೇಲೆ ಬಚ್ಚಿಟ್ಟಿದ್ದಳು. ಒಟ್ಟು ಒಂಬತ್ತು. ಮೇಸ್ತ್ರಿ ಊಟವಾದ ಮೇಲೆ ಒಂದು ಗಂಟೆ ಮಲಗುವ ಹೊತ್ತಿಗೆ ಕಿಟಕಿಯನ್ನೂ ತೆರೆದಿಡುತ್ತಿದ್ದಳು. ಈ ವಿಷಯ ಹೆಂಡತಿಗೆ ಗೊತ್ತಿತ್ತು. ಯಾಕೆಂದರೆ ಡಬ್ಬಿಯ ತಳದಲ್ಲಿ ತುಂಬಿದ ನೀರನ್ನು ಚೆಲ್ಲುತ್ತಿದ್ದವಳು ಅವಳೇ. ಮಂಡಿನೋವಿನ ಅತ್ತಿಗೆಗೆ ಬಗ್ಗಲು ಆಗುತ್ತಿರಲಿಲ್ಲ. ಬೆಳಗ್ಗೆ ಗಂಡನ ಯಂತ್ರಕ್ಕೆ ನೀರು ತುಂಬುವವಳೂ ಅವಳೇ. ಅಕ್ಕನಿಗೆ ಹೇಳಬೇಡ ಎಂದು ಗಂಡ ಯಂತ್ರದ ವೇಗ ಹೆಚ್ಚಿಸಿದ್ದನ್ನು ಹೇಳಿದ್ದ. ಗಂಡನಿಗೆ ಹೇಳಬೇಡ ಎಂದು ಅತ್ತಿಗೆ ಡಬ್ಬಿ ತೋರಿಸಿದ್ದಳು. ಅವಳು ಇಬ್ಬರಿಗೂ ಕೊಟ್ಟ ಮಾತು ಉಳಿಸಿಕೊಂಡಳು. ನಲ್ಲಿಯಿಂದ ಹಿಡಿದ ನೀರು ಗಾಳಿಯಲ್ಲಿ ಹಾಲ್ ದಾಟಿ, ಸೋಫಾದ ಕೆಳಗಿಳಿದು, ಸಂಜೆ ಅವಳ ಕೈಯಿಂದಲೇ ಸಿಂಕಿಗೆ ಹೋಗುತ್ತಿತ್ತು.

ಭಟ್ಟಿಯಲ್ಲಿ ಒಂದು ಮೂಲೆ ಬೇಗ ಒಣಗುತ್ತಿದ್ದರೆ ಥರ್ಮಾಮೀಟರು ಹಿಡಿದು ಹೆಜ್ಜೆಹೆಜ್ಜೆಗೂ ಅಳೆಯುವುದು ಮೇಸ್ತ್ರಿಯ ಪದ್ಧತಿ. ಒಂದು ಮಧ್ಯಾಹ್ನ ಮಲಗುವ ಬದಲು ಹಾಗೇ ಅಳೆಯುತ್ತ ಬಂದ. ಸೋಫಾದ ಹತ್ತಿರ ಅಂಕಿ ನಾಲ್ಕು ಕಡಿಮೆ ಬಂತು. ಮಂಡಿಯೂರಿ ಕೈ ಹಾಕಿದರೆ ಡಬ್ಬಿ.

"ಇದೇನಕ್ಕ?"

ಅಕ್ಕ ಹೆದರಲಿಲ್ಲ. "ನನ್ನ ಮಂಡಿ ಕಣೋ. ಗಿಡಕ್ಕೆ ಚೀಟಿ ಕಟ್ಟಿ ಕಳಿಸಿದ್ದಾರೆ, ನೀನು ಓದಿದೆ. ನನ್ನ ಕೊರಳಿಗೆ ಯಾರೂ ಚೀಟಿ ಕಟ್ಟಿಲ್ಲ, ಅದಕ್ಕೆ ನಾನೇ ನೋಡ್ಕೋಬೇಕಾಯ್ತು."

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ದೆ. ನೀನು ಅಂಕಿ ಬರ್ಕೊತಿದ್ದೆ."

ಮೇಸ್ತ್ರಿ ಹೆಂಡತಿಯ ಮುಖ ನೋಡಿದ. ಅವಳು ಪಾತ್ರೆ ಒರೆಸುವುದಕ್ಕೆ ಒಳಗೆ ಹೋದಳು.

ಕೊನೆಗೆ ಅಕ್ಕ ತನ್ನ ಕೋಣೆಯ ಬಾಗಿಲು ಮುಚ್ಚಿಕೊಂಡು ಡಬ್ಬಿಗಳ ಜೊತೆ ಇರುವುದು, ಹಾಲನ್ನು ಗಿಡಕ್ಕೆ ಬಿಟ್ಟುಕೊಡುವುದು ಎಂದು ಒಪ್ಪಂದವಾಯಿತು. ಮೂರು ದಿನದಲ್ಲಿ ಅಂಕಿ ಅರವತ್ತು ಮುಟ್ಟಿತು. ಮೇಸ್ತ್ರಿ ಅದರ ಸುತ್ತ ವೃತ್ತ ಎಳೆದ. ಐದನೆಯ ದಿನ ಎಲೆಗಳ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಪುಡಿ ಕಾಣಿಸಿತು. ಒರೆಸಿದರೆ ಹೋಗುತ್ತದೆ, ಮರುದಿನ ಮತ್ತೆ ಬರುತ್ತದೆ.

ಒಂದು ಎಲೆಯನ್ನೂ ಚೀಟಿಯನ್ನೂ ಜೇಬಿನಲ್ಲಿಟ್ಟುಕೊಂಡು ಮೇಸ್ತ್ರಿ ಬಸ್ ನಿಲ್ದಾಣದ ಹಿಂದಿನ ನರ್ಸರಿಗೆ ಹೋದ. ನರ್ಸರಿಯಾಕೆ ಮಣ್ಣು ಕಲಸುತ್ತಿದ್ದವಳು, ಎಲೆಯನ್ನು ದೂರದಿಂದಲೇ ನೋಡಿ ಹೇಳಿದಳು.

"ಬೂದಿ."

"ಹೌದು, ಆಶ್ ಅಂದ್ರೆ ಬೂದಿನೇ ಅಂತೆ," ಎಂದ ಮೇಸ್ತ್ರಿ. "ಕಾಯಿಲೆ ಏನು ಅಂತ ಹೇಳಮ್ಮ."

"ಕಾಯಿಲೆನೇ ಬೂದಿ. ಬೂದಿ ರೋಗ. ಗಾಳಿ ಆಡದ ಕಡೆ, ತೇವ ಜಾಸ್ತಿ ಆದ್ರೆ ಬರುತ್ತೆ. ಎಲ್ಲಿಟ್ಟಿದ್ದೀರಿ?"

"ಹಾಲ್‌ನಲ್ಲಿ."

ಅವಳು ಕೈಯ ಮಣ್ಣು ಕೊಡವಿಕೊಂಡಳು. "ಇದು ನಲವತ್ತು ಐವತ್ತು ಅಡಿ ಬೆಳೆಯೋ ಮರ. ಹೊರಗೆ ನಿಂತು ಬಿಸಿಲು, ಚಳಿ, ಗಾಳಿ ಎಲ್ಲಾ ತಿನ್ನಬೇಕು. ಹಾಲ್‌ನಲ್ಲಿ ಇಡಿ ಅಂತ ಯಾರು ಹೇಳಿದ್ರು?"

ಮೇಸ್ತ್ರಿ ಚೀಟಿ ಕೊಟ್ಟ. ಅವಳು ಓದಿ ಹಿಂದಕ್ಕೆ ಕೊಟ್ಟಳು. "ಇದು ಜರೀಗಿಡದ ಚೀಟಿ."

ಮೇಸ್ತ್ರಿ ಅಲ್ಲೇ ಮಗುಚಿಟ್ಟ ಒಂದು ಕುಂಡದ ಮೇಲೆ ಕೂತ. ಏಳು ವಾರ ಅವನು ಒಂದು ಅಂಕಿಯನ್ನೂ ತಪ್ಪಿಸಿರಲಿಲ್ಲ. ತಪ್ಪಿದ್ದು ಗಿಡ. ಅವನಿಗೆ ತನ್ನ ಬಗ್ಗೆ ಮೊದಲು ಮರುಕವಾಯಿತು, ಆಮೇಲೆ ಇನ್ನೊಂದು ಕುಂಡದ ನೆನಪಾಯಿತು. ತನ್ನ ಚೀಟಿ ಅಲ್ಲಿದ್ದರೆ, ಅಲ್ಲಿ ಏನಾಗಿರಬಹುದು?

ರಿಜೆಕ್ಟ್ ಸಾರ್ ಮನೆ ಎಲ್ಲೆಂದು ಗೊತ್ತಿತ್ತು. ಹನ್ನೊಂದು ವರ್ಷ ಆ ಬೀದಿ ತಪ್ಪಿಸಿ ಓಡಾಡಿದವನಿಗೆ ಅದು ಗೊತ್ತಿರದೆ ಇರುತ್ತದೆಯೇ? ಬಾಗಿಲು ತೆರೆದವರು ಒಂದು ಗಳಿಗೆ ಇವನನ್ನು ನೋಡಿ, ತಾವೇ ದಾರಿ ಬಿಟ್ಟು ನಿಂತರು. ಒಬ್ಬಂಟಿ ಮನುಷ್ಯ. ಮೇಜಿನ ಮೇಲೆ ಒಂದು ತಟ್ಟೆ, ಒಂದು ಲೋಟ. ಬಾಲ್ಕನಿಯಲ್ಲಿ ಚಳಿಗಾಳಿಗೆ ಮೈಯೊಡ್ಡಿದ ಕುಂಡ, ಅದರಲ್ಲಿ ಹಳೆಯ ಪೊರಕೆಯಂಥ ಏನೋ ಒಂದು. ಪಕ್ಕದ ಗೋಡೆಗೆ ಗೆರೆ ಎಳೆದ ಕಾಗದ ಅಂಟಿಸಿ, ದಿನದಿನವೂ ತುಂಬಿದ್ದರು.

"ನಿಮ್ಮ ಚೀಟಿಯಲ್ಲಿ ಏನಿದೆ ಸಾರ್?" ಎಂದು ಮೇಸ್ತ್ರಿ ಕೇಳಿದ. ಹನ್ನೊಂದು ವರ್ಷದ ಮೊದಲ ಮಾತು.

ಅವರು ನೋಡದೇ ಹೇಳಿದರು. "ಹೊರಗಿಡಿ. ಬಿಸಿಲು, ಗಾಳಿ, ಚಳಿ ತಾಗಲಿ. ನೀರು ಹಿತಮಿತ. ಎಲೆ ಉದುರಿದರೆ ಗಾಬರಿ ಬೇಡ." ಆಮೇಲೆ ಸೇರಿಸಿದರು, "ಉದುರಿದ್ವು. ನಾನು ಗಾಬರಿ ಆಗಲಿಲ್ಲ."

ಮೇಸ್ತ್ರಿ ತನ್ನ ಜೇಬಿನ ಚೀಟಿಯನ್ನು ಮೇಜಿನ ಮೇಲಿಟ್ಟ. ಅವರು ಕನ್ನಡಕ ಹಾಕಿಕೊಂಡು ಓದಿದರು, ಮತ್ತೆ ಓದಿದರು. ಬಾಲ್ಕನಿಯ ಕಡೆ ನೋಡಿದರು.

"ಹಾಗಾದ್ರೆ ಇದು ಚಿಗುರಲ್ಲ."

"ಇಲ್ಲ ಸಾರ್."

"ಚಳಿ ಮುಗಿಯಲಿ ಅಂತ ಕಾಯ್ತಿದ್ದೆ. ದಿನಾ ಬೆಳಗ್ಗೆ ಎದ್ದು ಮೊದಲು ಅದನ್ನೇ ನೋಡ್ತಿದ್ದೆ." ಅವರು ಗೋಡೆಯ ಕಾಗದವನ್ನು ಬಿಡಿಸಿ ಮಡಿಚಿದರು. "ಚೀಟಿಯಲ್ಲಿ ಇದ್ದ ಹಾಗೇ ಮಾಡಿದೆ ಮೇಸ್ತ್ರಿ."

"ನಾನೂ ಹಾಗೇ ಮಾಡಿದೆ ಸಾರ್."

ಇದಕ್ಕಿಂತ ಹೆಚ್ಚಿನ ರಾಜಿ ಮಾತು ಅವರಿಬ್ಬರ ನಡುವೆ ಆಗಲಿಲ್ಲ. ಕುಂಡವನ್ನು ಮೂರು ಮಹಡಿ ಇಳಿಸಲು ಇನ್ನೊಂದು ಜೊತೆ ಕೈ ಬೇಕು ಎಂದು ಮೇಸ್ತ್ರಿ ಹೇಳಿದ. ಅವರು ಕೋಟು ಹಾಕಿಕೊಂಡರು.

ಹಾಲ್‌ಗೆ ಕಾಲಿಟ್ಟ ಕೂಡಲೇ ರಿಜೆಕ್ಟ್ ಸಾರ್ ಕೋಟಿನ ಜೇಬಿನಿಂದ ಅಂಗೈಯಗಲದ ಒಂದು ಮಾಪಕ ತೆಗೆದು ಎತ್ತಿಹಿಡಿದರು.

"ಐವತ್ತೊಂಬತ್ತು," ಎಂದರು.

"ಅರವತ್ತು," ಎಂದು ಮೇಸ್ತ್ರಿ ಗೋಡೆಯನ್ನು ತೋರಿಸಿದ.

ಇಬ್ಬರೂ ತಂತಮ್ಮ ಮಾಪಕವನ್ನು ಮತ್ತೊಮ್ಮೆ ನೋಡಿಕೊಂಡರು. ಇಬ್ಬರ ನಡುವೆ ನಾನೂರು ಕೊಡಲಿ ಕಾವುಗಳು ಹಾದುಹೋದವು. ಕೋಣೆಯಿಂದ ಹೊರಗೆ ಬಂದ ಅಕ್ಕ ಇಬ್ಬರನ್ನೂ ನೋಡಿದಳು.

"ಗಿಡ ಮನೆ ಬಿಟ್ಟು ಹೋಗ್ತಿದೆ. ಈಗ ಯಾರ ಪ್ರಾಣ ಉಳಿಸೋಕೆ ಈ ಒಂದು ಅಂಕಿ? ಒಬ್ಬರು ಬುಡ ಹಿಡ್ಕೊಳ್ಳಿ, ಒಬ್ಬರು ತಲೆ ಹಿಡ್ಕೊಳ್ಳಿ."

ಗಿಡ ಅಂಗಳದ ಗೋಡೆಯ ಪಕ್ಕ ನೆಲೆಯಾಯಿತು. ಒಂದು ವಾರದಲ್ಲಿ ಅಷ್ಟೂ ಎಲೆ ಉದುರಿ, ತುದಿಯಲ್ಲಿ ಮಸಿ ಮೆತ್ತಿದಂಥ ಕಪ್ಪು ಮೊಗ್ಗುಗಳಿದ್ದ ಬರೀ ಕೋಲಾಯಿತು. ಹೆಂಡತಿ ಮೊದಲ ಸಲ ಕಣ್ಣಲ್ಲಿ ನೀರು ತಂದುಕೊಂಡಳು. ಯಾರಿಗೂ ಹೇಳದೆ ಅವಳೂ ಅದನ್ನು ಹಚ್ಚಿಕೊಂಡಿದ್ದಳು. "ಗಾಬರಿ ಬೇಡ ಅಂತ ಚೀಟಿಯಲ್ಲಿದೆ," ಎಂದರು ಇಬ್ಬರು ಗಂಡಸರೂ ಒಟ್ಟಿಗೆ. ಈ ಸಲ ಚೀಟಿ ಸರಿಯಾದ ಗಿಡದ್ದೇ ಆಗಿತ್ತು. ಆದರೂ ಇಬ್ಬರೂ ಮರೆಯಲ್ಲಿ ಒಬ್ಬೊಬ್ಬರಾಗಿ ನರ್ಸರಿಗೆ ಹೋಗಿ ಕೇಳಿಬಂದದ್ದು ಆಮೇಲೆ ತಿಳಿಯಿತು.

ಮನೆ ಒಣಗಿತು. ಬಚ್ಚಲ ಬಾಗಿಲು ಸಲೀಸಾಗಿ ಮುಚ್ಚಿತು, ಬಿಸ್ಕತ್ತು ಸದ್ದು ಮಾಡಿತು. ಅಕ್ಕ ತನ್ನ ಕುರ್ಚಿಯನ್ನು ಮೂಲೆಗೆ ಮರಳಿ ತಂದು, ಗೆದ್ದವಳ ಹಾಗೆ ಕೂತಳು. ಹತ್ತು ದಿನದ ಮೇಲೆ ಕೆಮ್ಮು ಶುರುವಾಯಿತು. ಗಂಟಲು ಕೆರೆತ, ಮೂಗು ಉರಿ, ತುಟಿ ಬಿರುಕು. ಡಾಕ್ಟರು ನೋಡಿ, ಕಾಯಿಲೆ ಏನಿಲ್ಲ, ಮನೆಯ ಗಾಳಿ ತೀರಾ ಒಣಗಿದೆ ಎಂದರು. ಮಂಡಿ ನೋವಿಗೂ ತೇವಕ್ಕೂ ಸಂಬಂಧವಿಲ್ಲ, ನಡೆದಾಡಿದರೆ ಸಾಕು ಎಂದೂ ಹೇಳಿದರು. ಹಿಂದಿನ ಎರಡು ತಿಂಗಳಲ್ಲಿ ಕೆಮ್ಮು ಇತ್ತೇ ಎಂದು ಕೇಳಿದಾಗ ಅಕ್ಕ ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತಿದ್ದಳು.

ಎರಡು ದಿನ ಅವಳು ಕೆಮ್ಮುತ್ತಲೇ ಕಳೆದಳು. ಮೂರನೆಯ ದಿನ, "ಆ ಗುರ್ ಅನ್ನೋ ಯಂತ್ರ ಸುಮ್ನೆ ಧೂಳು ತಿಂತಿದೆಯಲ್ಲ," ಎಂದಳು. "ನನ್ನ ಕೋಣೆಯಲ್ಲಿ ಜಾಗ ಇದೆ."

ಮೇಸ್ತ್ರಿ ಯಂತ್ರವನ್ನು ಸಾಗಿಸಿದ. ಥರ್ಮಾಮೀಟರ್ ಪಟ್ಟಿಯನ್ನು ಅವಳ ಮಂಚದ ಪಕ್ಕ ತೂಗುಹಾಕಿದ. ಒಂಬತ್ತು ಡಬ್ಬಿಗಳನ್ನು ಹೆಂಡತಿ ಕೊನೆಯ ಬಾರಿ ಸಿಂಕಿನಲ್ಲಿ ಖಾಲಿ ಮಾಡಿದಳು. ಅಂಕಿ ಐವತ್ತು ಮುಟ್ಟಿದಾಗ ಅಕ್ಕನ ಕೆಮ್ಮು ನಿಂತಿತು. "ಇದರ ಮೇಲೆ ಹೋದ್ರೆ ನಂಗೂ ಬೂದಿ ಹಿಡಿಯುತ್ತೆ," ಎಂದು ಅವಳು ಎಚ್ಚರಿಸಿದಳು.

ಚಳಿ ಮುಗಿದು ಬೀದಿಯ ಮರಗಳೆಲ್ಲ ಚಿಗುರಿದವು. ಅಳಿಯ ಮಾತ್ರ ಕೋಲಾಗಿಯೇ ನಿಂತಿದ್ದ. ಆಶ್ ಎಲ್ಲಕ್ಕಿಂತ ತಡವಾಗಿ ಏಳುವ ಮರ ಎಂದು ನರ್ಸರಿಯಾಕೆ ಹೇಳಿದ್ದಳು. ಆದರೆ ಜರೀಗಿಡಕ್ಕೆ ಕಾದು ಸೋತ ರಿಜೆಕ್ಟ್ ಸಾರ್‌ಗೆ ಕಾಯುವುದರಲ್ಲಿ ನಂಬಿಕೆ ಹೋಗಿತ್ತು. ಒಂದು ಭಾನುವಾರ ಬೆಳಗ್ಗೆ, ಹಲಗೆಯ ತೇವ ನೋಡುವ ಎರಡು ಸೂಜಿಯ ಹಳೆಯ ಮೀಟರನ್ನು ಹಿಡಿದು ಅಂಗಳಕ್ಕೆ ಬಂದರು.

"ಸಾರ್, ಇದು ಹಲಗೆ ಅಲ್ಲ," ಎಂದು ಮೇಸ್ತ್ರಿ ಅಡ್ಡ ನಿಂತ.

"ಒಂದು ಸಣ್ಣ ಕಡ್ಡಿ ಸಾಕು. ಸತ್ತಿದ್ರೆ ಹನ್ನೆರಡು ತೋರಿಸುತ್ತೆ."

ಬುಡದ ಹತ್ತಿರದ ಒಂದು ಅಡ್ಡ ಕಡ್ಡಿಗೆ ಸೂಜಿ ಊರಿದರು. ಮುಳ್ಳು ಹನ್ನೆರಡು ದಾಟಿತು, ಇಪ್ಪತ್ತು, ಮೂವತ್ತು ದಾಟಿ ಕೊನೆಯ ಗೆರೆಗೆ ಬಡಿದು ಅಲ್ಲೇ ನಡುಗುತ್ತ ನಿಂತಿತು. ಮರ ಅಷ್ಟು ಹಸಿಯಾಗಿದ್ದಕ್ಕೆ ಆ ಮನುಷ್ಯ ಸಂತೋಷಪಟ್ಟದ್ದನ್ನು ಮೇಸ್ತ್ರಿ ನೋಡಿದ್ದು ಅದೇ ಮೊದಲು.

"ಪಾಸ್," ಎಂದರು ರಿಜೆಕ್ಟ್ ಸಾರ್. ಆ ಮಾತು ಅವರ ಬಾಯಲ್ಲಿ ಸ್ವಲ್ಪ ತೊದಲಿತು.

ಎರಡು ವಾರದಲ್ಲಿ ಕಪ್ಪು ಮೊಗ್ಗು ಒಡೆದು ಎಲೆ ಬಂತು. ಬೇಸಿಗೆ ಹೊತ್ತಿಗೆ ಕುಂಡದ ತಳದ ತೂತಿನಿಂದ ಬೇರು ಹೊರಗಿಣುಕಿತು. ಸುದ್ದಿ ಹೇಗೋ ಮುಟ್ಟಿ ಮ್ಯಾನೇಜರು ಫೋನ್ ಮಾಡಿದರು. ಗಿಡವನ್ನು ಕಾರ್ಖಾನೆಯ ಗೇಟಿನ ಬಳಿ ನೆಟ್ಟು ಫಲಕ ಹಾಕೋಣ, ನಮ್ಮ ಉಡುಗೊರೆಯ ಯೋಜನೆ ಎಷ್ಟು ಫಲ ಕೊಟ್ಟಿದೆಯೆಂದು ನಾಲ್ಕು ಜನಕ್ಕೆ ತಿಳಿಯಲಿ ಎಂದರು. ಯೋಚಿಸಿ ಹೇಳುತ್ತೇನೆ ಎಂದು ಮೇಸ್ತ್ರಿ ಫೋನ್ ಇಟ್ಟ.

"ಅಲ್ಲಿ ಬೇಡ ಸಾರ್," ಎಂದ ಸಂಜೆ. "ನೇರ ಬೆಳೆದು ದಪ್ಪ ಆಯ್ತು ಅಂದ್ಕೊಳ್ಳಿ. ಆ ಗೇಟಲ್ಲಿ ಓಡಾಡೋರ ಕಣ್ಣೇ ಸರಿ ಇಲ್ಲ, ಮರ ನೋಡಿದ್ರೆ ಕೊಡಲಿ ಕಾವೇ ಕಾಣುತ್ತೆ. ನಮ್ಮ ಕಣ್ಣು ಸರಿ ಇತ್ತಾ?"

ರಿಜೆಕ್ಟ್ ಸಾರ್ ಒಪ್ಪಿದರು. ಕಟ್ಟಡದ ಹಿಂದೆ ಮಕ್ಕಳು ಆಡುವ ಬಯಲಿನ ಅಂಚಿನಲ್ಲಿ ಜಾಗ ಗೊತ್ತುಮಾಡಿ, ಅನುಮತಿ ಕೇಳಿ, ಒಂದು ಭಾನುವಾರ ಇಬ್ಬರೂ ಸೇರಿ ಗುಂಡಿ ತೋಡಿದರು. ಅಕ್ಕ ಅಲ್ಲಿಯವರೆಗೂ ನಡೆದೇ ಬಂದು, ಕಲ್ಲುಬೆಂಚಿನ ಮೇಲೆ ಕೂತು, ಬೇರಿಗೆ ಪೆಟ್ಟಾಗದ ಹಾಗೆ ಇಳಿಸಲು ಅಪ್ಪಣೆ ಕೊಟ್ಟಳು. ನೆಲಕ್ಕೆ ಹೋದ ಮೇಲೆ ಇನ್ನೇನು ನೋಡಿಕೊಳ್ಳಬೇಕು ಎಂದು ಮೇಸ್ತ್ರಿ ನರ್ಸರಿಯಾಕೆಯನ್ನು ಕೇಳಿದ್ದ. ಮೊದಲ ವರ್ಷ ವಾರಕ್ಕೊಮ್ಮೆ ನೀರು, ಆಮೇಲೆ ಏನೂ ಬೇಡ, ಅದರ ಪಾಡಿಗೆ ಬಿಡಿ ಎಂದಿದ್ದಳು. ಈ ಉತ್ತರ ಅವನಿಗೆ ಸಮಾಧಾನ ತಂದಿರಲಿಲ್ಲ.

ಮಣ್ಣು ಮುಚ್ಚಿ, ತುಳಿದು, ನೀರು ಹೊಯ್ದಾಯಿತು. ರಿಜೆಕ್ಟ್ ಸಾರ್ ಹತ್ತು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದರು.

"ಎಡಕ್ಕೆ ವಾಲಿದೆ."

ಮೇಸ್ತ್ರಿ ಅವರ ಪಕ್ಕ ಹೋಗಿ ನಿಂತು ನೋಡಿದ. "ನೇರ ಇದೆ ಸಾರ್. ನೀವು ನಿಂತಿರೋ ಕಡೆ ನೆಲ ಇಳಿಜಾರು."

ಹೆಂಡತಿ ಫ್ಲಾಸ್ಕಿನಿಂದ ಎರಡು ಲೋಟ ಟೀ ಸುರಿದು ಬೆಂಚಿನ ಮೇಲಿಟ್ಟಳು. ಆರಿಹೋಗುತ್ತದೆ, ಮೊದಲು ಕುಡಿಯಿರಿ ಎಂದಳು.